ಬಾಣಂತನ ಆಗದ ಉಕ್ಕು

ಕಡಲಂಚೂರು
ಫೆಬ್ರವರಿ ೩೦, ೨೨೪೧

ಪ್ರೀತಿಯ ಹರಿಣಾಕ್ಷಿ ಅಜ್ಜಿಯವರಿಗೆ,

ಪರಿಚಯವಿಲ್ಲದೆ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಅಜ್ಜಿ ಎಂದದ್ದಕ್ಕೂ ಸಾರಿ. ನಿಮಗೀಗ ಮೂವತ್ತು ದಾಟಿರಲಿಕ್ಕಿಲ್ಲ. ತಾರೀಕು ತಪ್ಪೆಂದುಕೊಳ್ಳಬೇಡಿ, ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ದಿನಗಳು ರಜೆ. ನಾನು ಶಮಿತಾ, ನಿಮ್ಮ ಮಗಳ ಕಡೆಯಿಂದ ಏಳನೆಯ ತಲೆ. ಕಾಲೇಜಿನ ಮೊದಲ ವರ್ಷದವರಿಗೆ ಒಂದೇ ಒಂದು ಹಿಂದಂಚೆ ಕಳಿಸಲು ಬಿಡುತ್ತಾರೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ನೀವು ಉತ್ತರ ಬರೆದರೆ ಅದೇ ದಾರಿಯಲ್ಲಿ ನಮಗೆ ಬರುತ್ತದೆ. ಗೆಳತಿಯರು ರಾಜರಿಗೂ ಕ್ರಿಕೆಟ್ ಆಟಗಾರರಿಗೂ ಬರೆದರು. ನಾನು ನಿಮಗೆ. ನನ್ನ ಕನ್ನಡ ಹಾಸ್ಟೆಲಿನದ್ದು, ಅರ್ಧ ಇಂಗ್ಲಿಷ್. ಎಡವಿದಲ್ಲಿ ನಕ್ಕುಬಿಡಿ.

ನಮ್ಮ ಊರು ಅರ್ಧ ದಡದಲ್ಲಿದೆ, ಅರ್ಧ ನೀರಿನ ಕೆಳಗೆ. ಕುಡಿಯುವ ನೀರನ್ನು ಕಡಲಿನಿಂದಲೇ ಸೋಸುತ್ತೇವೆ. ಪಂಪು, ಕೊಳವೆ, ಬಾಗಿಲಿನ ಬಿಜಾಗರಿ ಎಲ್ಲವೂ ಅಚ್ಚುಕ್ಕಿನದ್ದು, ಅಂದರೆ ಪುಡಿಯನ್ನು ಲೇಸರಿನಲ್ಲಿ ಕರಗಿಸಿ ಪದರದ ಮೇಲೆ ಪದರ ಅಚ್ಚು ಹಾಕಿದ ಡುಪ್ಲೆಕ್ಸ್ ಸ್ಟೀಲು. ನಿಮಗೇ ಇದನ್ನು ವಿವರಿಸುವುದೆಂದರೆ ನಾಚಿಕೆ, ನೀವು ಅದರದ್ದೇ ಕೆಲಸದವರು. ಆದರೂ ನಾನು ಕಲಿತದ್ದು ಸರಿಯೇ ನೋಡಿ. ಈ ಸ್ಟೀಲಿನಲ್ಲಿ ಫೆರೈಟ್, ಆಸ್ಟೆನೈಟ್ ಎಂಬ ಎರಡು ಜಾತಿಯ ಕಣಗಳು ಹೆಚ್ಚುಕಡಿಮೆ ಅರ್ಧರ್ಧ ಇರಬೇಕು. ಅಚ್ಚಿನಲ್ಲಿ ಅದು ಎಷ್ಟು ಬೇಗ ಆರುತ್ತದೆಂದರೆ ಆಸ್ಟೆನೈಟಿಗೆ ಹುಟ್ಟಲು ಪುರುಸೊತ್ತೇ ಸಿಗುವುದಿಲ್ಲ. ಹೆಚ್ಚುಕಡಿಮೆ ಬರೀ ಫೆರೈಟ್ ಉಳಿಯುತ್ತದೆ.

ಮೊದಲ ಲ್ಯಾಬಿನಲ್ಲಿ ನನಗೆ ಎರಡು ಬಗೆಯ ತುಂಡು ಕೊಟ್ಟರು, ಒಂದು ಅಚ್ಚಿನಿಂದ ಇಳಿಸಿದ್ದು, ಇನ್ನೊಂದು ಆಮೇಲೆ ಕುಲುಮೆಗೂ ಹೋಗಿ ಬಂದದ್ದು. ಎಳೆದು ನೋಡುವ ಯಂತ್ರದಲ್ಲಿ, ಅಚ್ಚಿನಿಂದ ಹಾಗೆಯೇ ಇಳಿಸಿದ ತುಂಡಿಗೆ ಸ್ಟ್ರೆಂತ್ ಹೆಚ್ಚು ಬಂತು. ಇದೇ ಒಳ್ಳೆಯದು ಎಂದು ಬರೆದುಬಿಟ್ಟೆ. ಪಕ್ಕದ ಬೆಂಚಿನ ರೋಶನ್ ಅದನ್ನು ಓದಿ, ಇವಳ ಪಂಪಿನ ಹತ್ತಿರ ನಾನಂತೂ ನಿಲ್ಲುವುದಿಲ್ಲ ಎಂದು ಇಡೀ ಕ್ಲಾಸನ್ನು ನಗಿಸಿದ. ಲವೀನಾ ಮೇಡಂ ಬೈಯಲಿಲ್ಲ. ಲೋಲಕದ ಹಾಗೆ ತೂಗಿಬಂದು ಹೊಡೆಯುವ ಸುತ್ತಿಗೆಯನ್ನು ಎರಡರ ಮೇಲೂ ಬಿಟ್ಟು ತೋರಿಸಿದರು. ಇನ್ನೊಂದು ತುಂಡು ಬಾಗಿತಷ್ಟೆ. ನಾನು ಹೊಗಳಿದ್ದು ಹಪ್ಪಳದ ಹಾಗೆ ಎರಡಾಯಿತು.

"ಗಟ್ಟಿ ಇರುವುದು ಬೇರೆ, ತಾಳಿಕೊಳ್ಳುವುದು ಬೇರೆ. ಇದಕ್ಕೆ ಬಾಣಂತನ ಆಗಿಲ್ಲ ಮಗಾ," ಎಂದರು.

ನಮ್ಮಲ್ಲಿ ಬಾಣಂತನ ಎಂದರೆ ಅಚ್ಚಿನಿಂದ ಇಳಿದ ಉಕ್ಕನ್ನು ಸಾವಿರ ಡಿಗ್ರಿ ಮೀರಿದ ಕುಲುಮೆಯಲ್ಲಿ ಸಾಕಷ್ಟು ಹೊತ್ತು ಇಟ್ಟು, ತೆಗೆದ ಕೂಡಲೇ ತಣ್ಣೀರಿಗೆ ಹಾಕುವುದು. ನಿಧಾನವಾಗಿ ಆರಿದರೆ ಬೇಡದ ಕಣ ಸೇರಿ ಮತ್ತೆ ಪೆಡಸಾಗುತ್ತದೆ. ಬಾಣಂತನ ಆದದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕಪ್ಪು ಫೆರೈಟಿನ ನಡುವೆ ಬಿಳಿ ಆಸ್ಟೆನೈಟ್, ಎಳ್ಳುಂಡೆಯಲ್ಲಿ ಕೊಬ್ಬರಿ ಚೂರು ಕಂಡ ಹಾಗೆ. ಸ್ಟ್ರೆಂತ್ ಸ್ವಲ್ಪ ಇಳಿದಿತ್ತು, ಪೆಟ್ಟು ತಡೆಯುತ್ತಿತ್ತು. ಈ ಶಬ್ದ ಎಲ್ಲಿಂದ ಬಂತು ಎಂದು ಕೇಳಿದಾಗ ಮೇಡಂ ನಿಮ್ಮ ಹೆಸರು ಹೇಳಿದರು. ಹೆತ್ತು ಕೆಲಸಕ್ಕೆ ಮರಳಿದ ದಿನ ನೀವು ತಮಾಷೆಗೆ ಹೇಳಿದ್ದಂತೆ. ಅದಕ್ಕೂ ಮೊದಲು ಬಾಣಂತನವನ್ನು ಮನುಷ್ಯರಿಗೆ ಮಾಡುತ್ತಿದ್ದರಂತೆ, ಹೆತ್ತವಳಿಗೆ ಬಿಸಿನೀರು ಹೊಯ್ದು. ಆ ಮಾತನ್ನು ನೋಟ್ಸಿನಲ್ಲಿ ಬರೆದು ಎರಡು ಸಲ ಅಡಿಗೆರೆ ಎಳೆದೆ.

ಏಕೆಂದರೆ ನನ್ನ ಅಕ್ಕ ವಾರಿಜ ಹೆತ್ತು ಇನ್ನೂ ವಾರವಾಗಿಲ್ಲ. ಇಲ್ಲಿ ಹೆರಿಗೆಯಾದವಳ ತೋಳಿಗೆ ಪಟ್ಟಿ ಕಟ್ಟಿ ಬಲ ಅಳೆಯುತ್ತಾರೆ. ಅಂಕಿ ಸರಿ ಬಂದರೆ ಕೆಲಸಕ್ಕೆ ಹೋಗಬೇಕು. ಅಕ್ಕನ ಅಂಕಿ ಎಲ್ಲರಿಗಿಂತ ಮೇಲೆ. ಸೋಮವಾರ ಅವಳು ಕಡಲಡಿಯ ಪಂಪ್‌ಹೌಸಿಗೆ ಇಳಿಯಬೇಕು. ನಿನ್ನೆ ಮಗುವಿನ ಟೊಪ್ಪಿ ಅವಳ ಕೈಜಾರಿ ಬಿತ್ತು. ಅಷ್ಟೇ. ಅಕ್ಕ ನೆಲದ ಮೇಲೆ ಕೂತು ಬಹಳ ಹೊತ್ತು ಅತ್ತಳು. ಏನಾಯಿತೆಂದು ಕೇಳಿದರೆ, "ಎಂತದ್ದೂ ಇಲ್ಲ ಮಾರಾಯ್ತಿ, ನಾನು ಗಟ್ಟಿ ಇದ್ದೇನೆ," ಎಂದಳು. ಆ ಮಾತು ಕೇಳಿಯೇ ನನಗೆ ಹೆದರಿಕೆಯಾದದ್ದು.

ನಮ್ಮಿಬ್ಬರನ್ನೂ ಬೆಳೆಸಿದ್ದು ಹಾಸ್ಟೆಲ್. ಕೇಳೋಣವೆಂದರೆ ಅಮ್ಮ ಇಲ್ಲ. ಪಂಪ್‌ಹೌಸಿನ ಆಫೀಸಿಗೆ ನಾನೇ ಹೋಗಿ ಅಕ್ಕನಿಗೆ ರಜೆ ಕೇಳುತ್ತೇನೆ. ದೊಡ್ಡವರ ಮುಂದೆ ನನಗೆ ಸ್ವರವೇ ಏಳುವುದಿಲ್ಲ, ಅದಕ್ಕೆ ಆ ಮುರಿದ ತುಂಡನ್ನು ಕೊಂಡುಹೋಗಿ ಮೇಜಿನ ಮೇಲೆ ಇಡುತ್ತೇನೆ. ರಜೆ ಸಿಕ್ಕಿದ ಮೇಲೆ ಏನು ಮಾಡಬೇಕೆಂಬುದೇ ನನಗೆ ಗೊತ್ತಿಲ್ಲ. ಬಾಣಂತನ ಎಷ್ಟು ದಿನ? ಅಕ್ಕನಿಗೆ ತಿನ್ನಲು ಏನು ಕೊಡಬೇಕು? ಆಗ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ? ನೀರು ಹೊಯ್ಯುವವರು ಮಾತಾಡಬೇಕೋ, ಸುಮ್ಮನಿರಬೇಕೋ?

ದೊಡ್ಡ ಸಂಶಯ ಇನ್ನೊಂದಿದೆ. ಬಿಸಿನೀರು ಮುಗಿದ ಕೂಡಲೇ ಅಕ್ಕನನ್ನು ತಣ್ಣೀರಿಗೆ ಇಳಿಸಬೇಕೇ? ಉಕ್ಕಿನ ಪುಸ್ತಕ ಹೌದೆನ್ನುತ್ತದೆ, ನನ್ನ ಮನಸ್ಸು ಬೇಡವೆನ್ನುತ್ತದೆ. ಬಚ್ಚಲಲ್ಲಿ ಒಂದು ಬಕೆಟ್ ಬಿಸಿ, ಒಂದು ಬಕೆಟ್ ತಣ್ಣೀರು ತುಂಬಿಸಿಟ್ಟಿದ್ದೇನೆ. ಅಕ್ಕನೂ ಮಗುವೂ ಮಲಗಿದ್ದಾರೆ. ಅವಳು ಏಳುವುದರೊಳಗೆ, ಎರಡೇ ಸಾಲಾದರೂ ಸಾಕು, ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ
ಶಮಿತಾ