ಸಕ್ಕರೆ ಹಾಕಿದ ಬಿಸಿನೀರು

ಮೇಟ್ರನ್ ಮೇಡಂ ಅವರಿಗೆ,

ನಮ್ಮ ವಾರ್ಡಿನ ಬಾಗಿಲ ಹೊರಗಿರುವ ಬೆಂಚನ್ನು ದಯವಿಟ್ಟು ಬೇರೆಡೆ ಹಾಕಿಸಿ. ಆಗದಿದ್ದರೆ ನನ್ನನ್ನಾದರೂ ಬೇರೆ ವಾರ್ಡಿಗೆ ಹಾಕಿ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ತೀರಿಕೊಂಡ ಟೀಚರಮ್ಮ ನಿಮಗೆ ನೆನಪಿರಬಹುದು. "ನಾನಿಲ್ಲಿರೋದು ಮಗನಿಗೆ ಗೊತ್ತಾಗ್ಬಾರ್ದು" ಎಂದು ಸೇರಿದ ದಿನವೇ ಹೇಳಿದ್ದರು. ಯಾಕೆಂದು ನಾನು ಕೇಳಲಿಲ್ಲ. ಮಗ ಹುಡುಕಿಕೊಂಡು ಬಂದಾಗ, "ಇಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ಹೇಳೋಕಾಗಲ್ಲ" ಎಂದೆ. ನಾನೆಂಥ ವಾಚಾಳಿ ಎಂದು ಇಡೀ ಆಸ್ಪತ್ರೆಗೆ ಗೊತ್ತು. ಆದರೆ ರೋಗಿಗಳ ವಿಷಯದಲ್ಲಿ ನನ್ನ ಬಾಯಿಗೆ ಬೀಗ.

ಅವರು ಹೋಗಲಿಲ್ಲ. ಆ ಬೆಂಚಿನ ಮೇಲೆ ಕೂತು ಕೆಮ್ಮತೊಡಗಿದರು. ಪರದೆಯ ಹಿಂದೆ ಟೀಚರಮ್ಮ ಕಣ್ಣು ತೆರೆದರು.

"ಅವನಿಗೆ ಬಿಸಿನೀರು ಕೊಡಮ್ಮ. ಸಕ್ಕರೆ ಹಾಕದಿದ್ರೆ ಕುಡಿಯಲ್ಲ. ನಾನು ಹೇಳ್ದೆ ಅನ್ಬೇಡ."

ಹಾಗೆಯೇ ಕೊಟ್ಟೆ.

ತಾಯಿಯನ್ನು ಮಣ್ಣು ಮಾಡಿದ ಮೇಲೂ ಅವರು ಬಂದು ಅಲ್ಲೇ ಕೂರುತ್ತಾರೆ. ಆ ಹಾಸಿಗೆಯಲ್ಲಿ ಈಗ ಬೇರೆಯವರಿದ್ದಾರೆ. ಆದರೂ ಹೊರಗೆ ಮಗ ಕೆಮ್ಮಿದಾಗಲೆಲ್ಲ ಪರದೆಯ ಹಿಂದಿನಿಂದ "ಬಿಸಿನೀರು ಕೊಡಮ್ಮ" ಎಂಬ ಮಾತು ನನಗೆ ಕೇಳಿಸುತ್ತದೆ.

ನಿನ್ನೆ ಅವರು ಕೇಳಿದರು: "ಸಿಸ್ಟರ್, ಅವತ್ತು ನೀರಿಗೆ ಸಕ್ಕರೆ ಹಾಕಿ ಅಂತ ಯಾರು ಹೇಳಿದ್ರು?"

ಸತ್ತ ಮೇಲೂ ರೋಗಿಯ ಮಾತು ರೋಗಿಯದೇ ಎಂದು ನನಗೆ ಕಲಿಸಿದವರು ನೀವು.

"ಯಾರೂ ಇಲ್ಲ. ಇಲ್ಲಿ ಎಲ್ಲರಿಗೂ ಹಾಗೇ ಕೊಡ್ತೀವಿ" ಎಂದೆ.

ಇವತ್ತು ಅವರ ಪಕ್ಕ ಕೂತಿದ್ದ ಮುದುಕರೊಬ್ಬರು ನೀರು ಕೇಳಿದರು. ಟೀಚರಮ್ಮನ ಮಗ ನನ್ನ ಕೈಯನ್ನೇ ನೋಡುತ್ತಿದ್ದರು. ಸಕ್ಕರೆ ಹಾಕಿಯೇ ಕೊಟ್ಟೆ.

ಬೆಂಚು ತೆಗೆಯುವವರೆಗೆ ನಮ್ಮ ವಾರ್ಡಿಗೆ ಸ್ವಲ್ಪ ಹೆಚ್ಚು ಸಕ್ಕರೆ ಕಳಿಸಿಕೊಡಿ.

ಇಂತಿ,
ಹೆಂಗಸರ ವಾರ್ಡಿನ ನಿಮ್ಮ ನರ್ಸ್