ಎಡಕ್ಕೆ ಅಂಟಿಸಿದ ವೈರುಗಳು

ಅಕ್ಕಾ,

ಅವತ್ತು ನಿನ್ನ ತಲೆಗೆ ಆ ವೈರಿನ ಟೊಪ್ಪಿ ಹಾಕಿದಾಗ ನನಗೆ ನಗು ಬಂದಿತ್ತು. ಸ್ಟ್ರೋಕ್ ಆಗಿ, ಮಾತು ಕೈಕಾಲು ಎಲ್ಲ ನಿಂತು, ಚಾಮರಾಜಪೇಟೆಯ ನಮ್ಮ ನಡುಮನೆಯಲ್ಲಿ ನೀನು ಮಲಗಿದ್ದೆ. ಕಣ್ಣು ತೆರೆದಿರುತ್ತಿತ್ತು, ನಾವು ಆಡಿದ್ದು ಕೇಳಿಸುತ್ತಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಮಿದುಳಿನ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಮತ್ತಿಕೆರೆಯಿಂದ ಬಂದಿದ್ದಳು. ಸೂಜಿ ಚುಚ್ಚುವುದಿಲ್ಲ, ಕರೆಂಟು ಹರಿಸುವುದಿಲ್ಲ, ಮಿದುಳಿನ ಸಣ್ಣ ಸಂಕೇತಗಳನ್ನು ಇದು ಹೊರಗಿನಿಂದಲೇ ಹಿಡಿಯುತ್ತದೆ ಎಂದಳು. ತಲೆಗೆ ಎಣ್ಣೆ ಬೇಡ ಎಂದಿದ್ದರೂ ಅಮ್ಮ ಶುಕ್ರವಾರವೆಂದು ಹಚ್ಚಿಬಿಟ್ಟಿದ್ದಳು. ಒರೆಸಿ ಒರೆಸಿ ಅವಳಿಗೆ ಸಾಕಾಯಿತು.

ಇವರದು ಯಾವ ಕೈ ಅಂತ ಅವಳು ಕೇಳಿದಾಗ ಅಮ್ಮ ಹೆಮ್ಮೆಯಿಂದ, ನಮ್ಮ ಮನೆಯಲ್ಲಿ ಎಲ್ಲರದೂ ಬಲಗೈ ಎಂದಳು. ಇದ್ದ ಕೆಲವೇ ವೈರುಗಳನ್ನು ಹುಡುಗಿ ತಲೆಯ ಎಡಭಾಗಕ್ಕೆ ಅಂಟಿಸಿದಳು. ಬಾಗಿಲ ಮುಂದೆ ರಂಗೋಲಿ ಎಳೆಯುತ್ತಿದ್ದೀರಿ ಅಂದುಕೊಳ್ಳಿ ಎಂದು ನಿನ್ನ ಕಿವಿಯ ಹತ್ತಿರ ಬಗ್ಗಿ ಮತ್ತೆ ಮತ್ತೆ ಹೇಳಿದಳು. ಪರದೆಯ ಮೇಲಿನ ಗೆರೆ ಬದಲಾಗಲೇ ಇಲ್ಲ.

ಅವಳು ಹೋದ ಸಂಜೆಯೇ ಮನೆಯವರೆಲ್ಲ ಕೈಚೆಲ್ಲಿದೆವು. ಇದೊಂದರಿಂದ ಏನೂ ತೀರ್ಮಾನಿಸಬೇಡಿ ಎಂದು ಹೇಳಿಯೇ ಹೋಗಿದ್ದಳು, ಯಾರು ಕೇಳಿಸಿಕೊಂಡರು? ನಿನಗೆ ಪೇಪರ್ ಓದಿ ಹೇಳುವುದು ನಿಂತಿತು. ನೋಡಲು ಬಂದವರು ನಿನ್ನ ಮಂಚದ ಪಕ್ಕದಲ್ಲೇ ಕೂತು, ಇನ್ನು ಇವಳ ರೇಷ್ಮೆ ಸೀರೆಗಳೆಲ್ಲ ಯಾರಿಗೆ ಅಂತ... ಬಿಡು.

ಹಾಗೇ ಒಂದು ದಿನ ನೀನು ತೀರಿಕೊಂಡೆ. ಮೊನ್ನೆ ಅಪರೂಪಕ್ಕೆ ಬೇಗ ಎದ್ದೆ. ಸೂರ್ಯವಂಶದವಳು ಅಂತ ನನ್ನನ್ನು ರೇಗಿಸುತ್ತಿದ್ದೆಯಲ್ಲ, ನೀನು ರಂಗೋಲಿ ಹಾಕುವುದನ್ನು ನಾನು ಒಂದು ದಿನವೂ ನೋಡಿದವಳಲ್ಲ. ಅಮ್ಮ ಬಾಗಿಲ ಮುಂದೆ ಕೂತು ಅಳುತ್ತಿದ್ದಳು.

"ಅವ್ಳು ಎಡಚಿ ಕಣೇ. ಚಿಕ್ಕೋಳಿದ್ದಾಗ ಹೊಡ್ದು ಹೊಡ್ದು ತಿದ್ದಿದ್ದೆ. ರಂಗೋಲಿ ಮಾತ್ರ ಯಾರೂ ಇಲ್ದಾಗ ಎಡಗೈಲೇ ಎಳೀತಿದ್ಲು. ನೋಡಿದ್ರೂ ನೋಡ್ದಂಗೆ ಇರ್ತಿದ್ದೆ."

ಆ ಹುಡುಗಿಗೆ ಫೋನ್ ಮಾಡಿದೆ. ನೀನು ಎಡಚಿ ಎಂದು ಹೇಳಿದೆ. ಬಲಗೈಯ ಯೋಚನೆ ಮಿದುಳಿನ ಎಡಕ್ಕೆ, ಎಡಗೈಯದು ಬಲಕ್ಕೆ ಕಾಣುತ್ತದಂತೆ. ಬಲಗಡೆ ನಾವು ನೋಡಲೇ ಇಲ್ಲ, ಈಗ ಏನೂ ಹೇಳುವ ಹಾಗಿಲ್ಲ ಎಂದಳು. ಅಕ್ಕಾ, ನೀನು ಎಳೆಯುತ್ತಿದ್ದೆಯಾ? ಅವಳು ಹೇಳಿದಾಗಲೆಲ್ಲ, ನಮಗೆ ಕಾಣಲಿ ಅಂತ... ಇದನ್ನು ಹೊತ್ತುಕೊಂಡು ಹೇಗೆ ಬದುಕಲಿ, ನನಗೆ ತಿಳಿಯುತ್ತಿಲ್ಲ.

ನಿನ್ನೆ ಬೇಳೆ ಆರಿಸುತ್ತಾ ಅಮ್ಮ ಕೇಳಿದಳು: "ಮಿಷನ್ನಲ್ಲಿ ಏನೂ ಬರ್ಲಿಲ್ವಲ್ಲ, ಹಾಗಾದ್ರೆ ಅವ್ಳಿಗೆ ಏನೂ ಗೊತ್ತಾಗ್ತಿರ್ಲಿಲ್ಲ, ಅಲ್ವೇನೇ?"

"ಇಲ್ಲಮ್ಮ, ಏನೂ ಗೊತ್ತಾಗ್ತಿರ್ಲಿಲ್ಲ" ಎಂದೆ.

ಅವಳ ಮುಖ ಸ್ವಲ್ಪ ಗೆಲುವಾಯಿತು. ಅಮ್ಮ ಇರುವವರೆಗೂ ನೀನು ಅಲ್ಲಿರಲಿಲ್ಲ ಎಂದೇ ಹೇಳುತ್ತೇನೆ, ಅಕ್ಕಾ.