ಒತ್ತಿ ಕೂರಿಸಬೇಡಿ, ಭಾವ

ಮುರಳಿ ಭಾವ,

ನಿನ್ನೆ ಆಯುಧಪೂಜೆಗೆ ಬಂದವರೆಲ್ಲರ ಎದುರು ನನ್ನನ್ನ ತೋರಿಸಿ, "ಎಂಟನೇ ಕ್ಲಾಸೂ ಮುಗಿಸದವನು ನನಗೆ ಮದರ್‌ಬೋರ್ಡ್ ಆರಿಸೋದು ಹೇಳಿಕೊಡ್ತಾನೆ!" ಅಂದಿರಿ. ಎಲ್ಲರೂ ಕಡಲೆ ಸುಂಡಲ್ ತಿಂತಾ ನಕ್ಕರು. ಸಂತೋಷ.

ಆ ಓದದವನು ಮೂರು ವರ್ಷದಿಂದ ರಿಚ್ಚಿ ಸ್ಟ್ರೀಟ್ ಅಂಗಡೀಲಿ ಕಂಪ್ಯೂಟರ್ ಜೋಡಿಸ್ತಾ ಇದ್ದಾನೆ. ನೀವು ತಂದಿರೋದು ಪೆಂಟಿಯಂ ಬೋರ್ಡು, ಎಎಂಡಿ ಪ್ರೊಸೆಸರ್ರು. ಪತ್ರಿಕೇಲಿ ಎರಡಕ್ಕೂ ಐದೈದು ಸ್ಟಾರ್ ಕೊಟ್ಟಿದ್ದರಂತೆ! ನಮ್ಮಕ್ಕನ ಜಾತಕಾನ ಮೂರು ಜೋಯಿಸರ ಹತ್ತಿರ ಕೂಡಿಸಿ ನೋಡಿದವರು, ಇವೆರಡು ಒಂದಕ್ಕೊಂದು ಕೂರುತ್ತಾ ಅಂತ ಒಬ್ಬರನ್ನೂ ಕೇಳಲಿಲ್ಲ.

ಕೂರಲ್ಲ. ಒತ್ತಬೇಡಿ. ಪಿನ್ನು ಬಾಗಿದರೆ ಅಂಗಡಿಯವನು ವಾಪಸ್ ತಗೊಳ್ಳಲ್ಲ. ಪಾಪ, ನಿಮ್ಮ ಮಗ ತೇಜು ರಜೆಯೆಲ್ಲಾ ಖಾಲಿ ಕಂಪ್ಯೂಟರ್ ಡಬ್ಬದ ಮುಂದೆ ಕೂತಿರಬೇಕು.

ಪ್ರೊಸೆಸರ್ ಇವತ್ತೇ ಬದಲಾಯಿಸಿ. ಆ ಬೋರ್ಡಿಗೆ ಕೂರೋ ಪೆಂಟಿಯಂ ಫೋರ್ ಬೇಕು ಅನ್ನಿ. ಬಿಲ್ಲು ಮರೀಬೇಡಿ.

ಬೋರ್ಡಿಗೆ ಹಚ್ಚಿರೋ ಗಂಧ ಕುಂಕುಮಾನ ಒದ್ದೆ ಬಟ್ಟೇಲಿ ಒರೆಸಬೇಡಿ. ಒಣ ಬ್ರಷ್ಷಲ್ಲಿ ಉದುರಿಸಿ. ಪೂಜೆ ಡಬ್ಬಕ್ಕೆ ಮಾಡಿದ್ದರೆ ದೇವರು ಬೇಡ ಅಂತಿದ್ದನಾ?

ಇಗೋ, ಬಚ್ಚಲಿಂದ ಕೂಗ್ತಾ ಇದ್ದೀರಿ: "ವಾದಿರಾಜಾ, ಹೋಗೋಕೆ ಮುಂಚೆ ಆ ಪ್ರೊಸೆಸರ್ ಕೂರಿಸಿಕೊಟ್ಟು ಹೋಗಪ್ಪ!"

ಬಯ್ಯೋಕೆ ಊರೆಲ್ಲಾ ಸೇರಬೇಕು, ಸಹಾಯ ಕೇಳೋಕೆ ಬಚ್ಚಲ ಬಾಗಿಲು ಹಾಕಿಕೋಬೇಕು. ಚೆನ್ನಾಗಿ ಕೇಳಿಸ್ತು ಭಾವ. ಚೀಟಿ ಟಿವಿ ಮೇಲಿಟ್ಟು ಹೊರಟೆ.